ಅಕ್ಕನ ಬದಲು ಇನ್ನೊಬ್ಬರಿಲ್ಲ

ರಾತ್ರಿ ಪಾಳಿಯ ನರ್ಸುಗಳು ಆಕಳಿಸುತ್ತ ಗಡಿಯಾರ ನೋಡಿಕೊಳ್ಳುವ ಹೊತ್ತು. ಆಸ್ಪತ್ರೆಯ ಎರಡನೆಯ ಮಹಡಿಯ ಕಾರಿಡಾರಿನಲ್ಲಿ ಒಂದು ಬದಿಗೆ ಹಗ್ಗ ಕಟ್ಟಿ, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಗಿಡ್ಡ ಸ್ಟೂಲಿನ ಮೇಲೆ ಕುಳಿತಿದ್ದಾರೆ ಬಣ್ಣದಕ್ಕ. ಎದುರಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಉದ್ದನೆಯ ಗಾಯ. ಸ್ಟ್ರೆಚರುಗಳು ತಿರುಗುವಾಗ ಉಜ್ಜಿಹೋದದ್ದು. ಮೆತ್ತಿದ ಪುಟ್ಟಿ ಒಣಗಿದ ಕಡೆ ಉಪ್ಪುಕಾಗದ ತಿಕ್ಕುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ.

“ಕಣ್ಣು ಮೋಸ ಹೋಗುತ್ತೆ, ಅಂಗೈ ಹೋಗಲ್ಲ,” ಅನ್ನುತ್ತಾರೆ.

ಆ ದಾರಿಯಲ್ಲಿ ಬಂದ ನರ್ಸೊಬ್ಬಳು ಪಕ್ಕದ ಹಸಿ ಗೋಡೆಯತ್ತ ಬೆರಳು ಚಾಚಿ, “ಅಕ್ಕಾ, ಮುಟ್ಟಬಹುದಾ?” ಎಂದು ಕೇಳುತ್ತಾಳೆ.

“ಮುಟ್ಟು ಮುಟ್ಟು. ಆಮೇಲೆ ಮನೆಗೆ ಹೋಗಿ ಮಧ್ಯಾಹ್ನದವರೆಗೂ ಕೈ ತೊಳೀತಾ ಕೂತ್ಕೋ.”

ರೋಗಿಗಳನ್ನು ನೋಡಲು ಬರುವವರ ಹೊತ್ತಾಗುವುದರೊಳಗೆ ಹಗ್ಗ, ಸ್ಟೂಲು, ಬಕೆಟ್ಟು ಎಲ್ಲ ಮಾಯ. ಗೋಡೆ ನೋಡಿದವರಿಗೆ ಅಲ್ಲಿ ಗಾಯವಿತ್ತೆಂದೇ ತಿಳಿಯುವುದಿಲ್ಲ. ಹನ್ನೊಂದು ವರ್ಷಗಳಿಂದ ಅಕ್ಕನ ಕೆಲಸ ಇದು. ಆಸ್ಪತ್ರೆಯ ಒಂದು ತುದಿಯಿಂದ ಬಳಿಯುತ್ತ ಹೋಗಿ ಇನ್ನೊಂದು ತುದಿ ಮುಟ್ಟಲು ಎರಡು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮೊದಲ ತುದಿ ಮತ್ತೆ ಕೂಗುತ್ತದೆ.

ಕಸುಬು ಕಲಿಸಿದ್ದು ಅತ್ತೆ. ಅವರೂ ಪೇಂಟರ್. ಮನೆಗೆ ಬಂದ ಸೊಸೆಯನ್ನೂ ಸ್ವಂತ ಮಗಳನ್ನೂ ಒಂದೇ ಗೋಡೆಯ ಮುಂದೆ ನಿಲ್ಲಿಸಿ ಬ್ರಶ್ ಕೊಟ್ಟರು. “ಅಡುಗೆಗಿಂತ ಮೊದಲು ಪುಟ್ಟಿ ಕಲಸೋದು ಕಲಿಸಿದ್ರು ನಮ್ಮತ್ತೆ. ಈಗಲೂ ಎರಡರಲ್ಲಿ ಪುಟ್ಟಿನೇ ಹದವಾಗಿರುತ್ತೆ ಅಂತಾರೆ ನಮ್ಮನೆಯವರು,” ಎಂದು ನಗುತ್ತಾರೆ ಅಕ್ಕ.

ನಗು ಸ್ವಲ್ಪ ಕಡಿಮೆಯಾದದ್ದು ಕಳೆದ ವರ್ಷ. ತಲೆಯ ಮೇಲೆ ಕೈಯೆತ್ತಿ ಎತ್ತಿ ಬಲ ಭುಜ ಸವೆದಿತ್ತು. ಶಸ್ತ್ರಚಿಕಿತ್ಸೆ ಆಗಬೇಕು, ಆಮೇಲೆ ಆರು ವಾರ ಬ್ರಶ್ ಮುಟ್ಟಕೂಡದು ಎಂದರು ಡಾಕ್ಟರು. ಅಕ್ಕ ತಲೆಯಾಡಿಸಿ ನೇರ ಕೆಲಸಕ್ಕೆ ಹೋದರು. ಬೇರೆ ದಾರಿ ಇರಲಿಲ್ಲ. ಆಸ್ಪತ್ರೆಯ ದುರಸ್ತಿಯನ್ನೆಲ್ಲ ವಹಿಸಿಕೊಂಡಿರುವ ಕಂಪನಿಯ ಕಾಗದದ ಪ್ರಕಾರ ಅವರು ನೌಕರರೇ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ತಮಗೆ ತಾವೇ ಯಜಮಾನಿ. ಯಜಮಾನಿ ಮಲಗಿದರೆ ಆ ದಿನದ ಕೂಲಿಯೂ ಮಲಗುತ್ತದೆ. ಆರು ವಾರ ಕಳೆದು ಬಂದಾಗ ಜಾಗ ಇರುತ್ತದೆಂದು ಹೇಳುವವರೂ ಇಲ್ಲ.

“ಹೆಸರಿಗೆ ಯಜಮಾನಿ. ಆದ್ರೆ ಎಷ್ಟು ಹೊತ್ತಿಗೆ ಬರ್ಬೇಕು, ಯಾವ ಗೋಡೆ ಬಳೀಬೇಕು, ಯಾವ ಬಣ್ಣ, ಎಲ್ಲ ಸೂಪರ್‌ವೈಸರ್ ಹೇಳೋದು. ನನ್ನ ಮಾತು ಕೇಳೋದು ನನ್ನ ಬ್ರಶ್ ಒಂದೇ.”

ಇಂಥ ಯಜಮಾನರು ಊರ ತುಂಬ ಇದ್ದಾರೆ. ಕೆಲಸ ನೌಕರನದು, ಹೆಸರು ಗುತ್ತಿಗೆದಾರನದು. ಹೀಗೆ ಬರೆದುಕೊಂಡರೆ ಕಂಪನಿ ಇವರ ಕೂಲಿಯಿಂದ ತೆರಿಗೆ ಹಿಡಿಯಬೇಕಿಲ್ಲ, ಅವರ ವಿಮೆ, ಪಿಂಚಣಿಗೆ ತನ್ನ ಪಾಲು ಕಟ್ಟಬೇಕಿಲ್ಲ. ಇದನ್ನು ತಡೆಯಲೆಂದೇ ತೆರಿಗೆಯ ಹೊಸ ನಿಯಮ ಬಂತು: ಕಾಗದದಲ್ಲಿ ಏನಿದೆ ಅನ್ನುವುದಕ್ಕಿಂತ ಕೆಲಸ ಹೇಗೆ ನಡೆಯುತ್ತದೆ ನೋಡಿ ತೀರ್ಮಾನಿಸಬೇಕು. ನೋಡಲು ತೆರಿಗೆ ಅಧಿಕಾರಿಯೊಬ್ಬರು ಆಸ್ಪತ್ರೆಗೇ ಬಂದರು. ಮಿತಭಾಷಿ ಹೆಂಗಸು.

ಅವರ ಪ್ರಶ್ನೆಗಳಿಗೆಲ್ಲ ಸೂಪರ್‌ವೈಸರ್ ಒಂದೇ ಉತ್ತರ ಇಟ್ಟುಕೊಂಡಿದ್ದ. ಒಪ್ಪಂದ ತೆಗೆದು ಅಕ್ಕನ ಎದುರಿಗೇ ಓದಿದ: ಗುತ್ತಿಗೆದಾರರು ಯಾವ ದಿನ ಬೇಕಾದರೂ ತಮ್ಮ ಬದಲು ಇನ್ನೊಬ್ಬರನ್ನು ಕಳಿಸಬಹುದು. “ನೌಕರರು ಹೀಗೆ ಕಳಿಸಕ್ಕಾಗುತ್ತಾ ಮೇಡಂ? ನಮ್ಮಕ್ಕ ಸ್ವತಂತ್ರರು,” ಎಂದ.

ಅಕ್ಕ ಸಹಿ ಹಾಕಿದ್ದರೇ ಹೊರತು ಆ ಸಾಲು ಓದಿರಲಿಲ್ಲ. ಕೇಳಿ ಹಿಗ್ಗಿ ಹೀರೇಕಾಯಿಯಾದರು. ಇಷ್ಟು ವರ್ಷ ಈ ಸೌಕರ್ಯ ಇಟ್ಟುಕೊಂಡು ಭುಜ ನೋಯಿಸಿಕೊಂಡೆನಲ್ಲ ಎಂದುಕೊಂಡರು. ಒಪ್ಪಂದವನ್ನು ಅಕ್ಷರಶಃ ನಂಬಿದ ಬಹುಶಃ ಏಕೈಕ ವ್ಯಕ್ತಿ ಅವರೇ. ಮರುದಿನ ಬೆಳಿಗ್ಗೆ ತಾವು ಭುಜಕ್ಕೆ ಶಾಖ ಕೊಟ್ಟುಕೊಳ್ಳುತ್ತ ಮನೆಯಲ್ಲಿ ಉಳಿದು ನಾದಿನಿಯನ್ನು ಕಳಿಸಿದರು. ಅತ್ತೆಯ ಕೈಯಲ್ಲಿ ಜೊತೆಗೇ ಕಲಿತವರು ಅವರು. ಊರಿನ ಅರ್ಧ ಅಂಗಡಿಗಳ ಗೋಡೆ ಅವರದೇ.

ಗೇಟಿನ ಬಳಿ ಸೂಪರ್‌ವೈಸರೂ ಅವತ್ತೂ ಬಂದಿದ್ದ ಅಧಿಕಾರಿಯೂ ಚಹಾ ಕುಡಿಯುತ್ತಿದ್ದರು. ಅಲ್ಲಿ ನಡೆದದ್ದನ್ನು ನಾದಿನಿ ಈಗಲೂ ಎರಡು ದನಿಯಲ್ಲಿ ಅಭಿನಯಿಸಿ ತೋರಿಸುತ್ತಾರೆ.

“ಅಕ್ಕ ಎಲ್ಲಿ?”

“ಅತ್ತಿಗೆ ಇವತ್ತು ಬರಲ್ಲ ಸರ್. ಅವರ ಬದಲು ನಾನು.”

“ಬದಲು ಗಿದಲು ಎಲ್ಲ ಆಗಲ್ಲಮ್ಮ. ಮಕ್ಕಳ ವಾರ್ಡಿನ ಕೆಲಸ ಅದು.”

“ನಾನೂ ಇಪ್ಪತ್ತು ವರ್ಷದಿಂದ ಬಳೀತಿದೀನಿ.”

“ನೀವು ನೂರು ವರ್ಷ ಬಳಿದಿದ್ರೂ ಅಷ್ಟೇ. ಬಣ್ಣದ ವಾಸನೆಗೆ ಯಾವ ಮಗು ಕೆಮ್ಮುತ್ತೆ, ಯಾವ ಕಿಟಕಿ ತೆಗೀಬೇಕು, ಯಾವ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ, ಎಲ್ಲ ಅಕ್ಕನಿಗೆ ಗೊತ್ತು. ಅಕ್ಕನ ಬದಲು ಇನ್ನೊಬ್ಬರಿಲ್ಲ. ರಜೆ ಬೇಕಿದ್ರೆ ಮೊದಲೇ ನನ್ನ ಕೇಳ್ಬೇಕಿತ್ತು.”

ಅಧಿಕಾರಿ ಚಹಾದ ಲೋಟ ಕೆಳಗಿಟ್ಟರು. “ಇನ್ನೊಂದ್ಸಲ ಹೇಳ್ತೀರಾ?”

ಪಾಪ, ಆತ ಇನ್ನೂ ಗಟ್ಟಿಯಾಗಿ ಹೇಳಿದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಆದರೆ ಆತನ ಬಾಯಿಂದ ಬಂದದ್ದು ಸುಳ್ಳಲ್ಲ, ಹನ್ನೊಂದು ವರ್ಷದ ಮೆಚ್ಚುಗೆ. ಆ ಮೆಚ್ಚುಗೆಯೇ ಒಪ್ಪಂದವನ್ನು ಹರಿದುಹಾಕಿತು. ಬದಲಿಯನ್ನು ಕಳಿಸಲಾಗದವರು, ರಜೆಗೆ ಅಪ್ಪಣೆ ಕೇಳಬೇಕಾದವರು ನೌಕರರೇ ಎಂದು ಅಧಿಕಾರಿ ಬರೆದುಕೊಂಡರು.

ನಾದಿನಿ ಮನೆಗೆ ಬಂದು ಬಕೆಟ್ ಕುಕ್ಕಿದರು. “ಅತ್ತಿಗೆ, ನಿಮ್ಮ ಸ್ವಾತಂತ್ರ್ಯ ಗೇಟು ದಾಟಲ್ಲ. ಬಸ್ ಚಾರ್ಜು ಕೊಡಿ.”

ಅಕ್ಕನಿಗೆ ಮೊದಲು ಹೆದರಿಕೆಯಾಯಿತು. ತನ್ನಿಂದ ಕಂಪನಿಗೆ ತೊಂದರೆಯಾಯಿತು, ಇನ್ನು ಕರೆಯುವುದೇ ಇಲ್ಲ ಎಂದು. ಅಂಥ ಹೆದರಿಕೆ ಸುಳ್ಳೂ ಅಲ್ಲ. ತೆರಿಗೆಯ ಮಟ್ಟಿಗೆ ನೌಕರ ಎಂದು ಒಪ್ಪಿ, ರಜೆ ಕೇಳಿದರೆ ಬಾಗಿಲು ತೋರಿಸುವ ಕಂಪನಿಗಳಿವೆ. ಇಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಅದೇ ಸೂಪರ್‌ವೈಸರ್. ಕಂಪನಿಯ ದೊಡ್ಡ ಕಚೇರಿಗೆ ಹೋಗಿ, “ತೆರಿಗೆ ಹೇಗೂ ಕಟ್ಟಲೇಬೇಕು. ರಜೆನೂ ಕೊಟ್ಬಿಡಿ. ಅಕ್ಕ ಬಿಟ್ಟುಹೋದ್ರೆ ಆ ಗೋಡೆಗಳಿಗೆ ನಾನು ಉತ್ತರ ಹೇಳಲ್ಲ,” ಎಂದು ಕುಳಿತುಬಿಟ್ಟನಂತೆ.

“ಕೆಲಸ ಹೇಳೋವಾಗ ಅವನು ನನಗೆ ಸರ್. ಬೈಯೋವಾಗ ತಮ್ಮ. ಅವತ್ತಿಂದ ಬೈಯೋದು ಕಡಿಮೆ ಮಾಡಿದೀನಿ,” ಅನ್ನುತ್ತಾರೆ ಅಕ್ಕ.

ನಿಯಮ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಹೊರಟರೆ ಮಾತ್ರ ಕಷ್ಟ. ಹೆದರಿದ ಕಂಪನಿ ಮೊದಲು ಎಲ್ಲರನ್ನೂ ನೌಕರರೆಂದೇ ಬರೆದುಕೊಳ್ಳಲು ಹೊರಟಿತ್ತು. ಅಲ್ಲೇ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಕುಣಿದಾಡಿದ. ಅವನಿಗೆ ಸ್ವಂತ ವ್ಯಾನು, ಸ್ವಂತ ಏಣಿ, ಬೇರೆ ಏಳೆಂಟು ಗಿರಾಕಿಗಳು. ತಪ್ಪಾಗಿ ಎಳೆದ ವೈರನ್ನು ಭಾನುವಾರ ಬಂದು ಸ್ವಂತ ಖರ್ಚಿನಲ್ಲಿ ಬದಲಿಸಿದವನು. “ನನ್ನನ್ನ ನೌಕರ ಮಾಡಿದ್ರೆ ಯಾರಿಗೆ ಬೈಯಲಿ? ಈಗ ನನ್ನ ಯಜಮಾನ ನಾನೇ, ದಿನಾ ಅವನಿಗೆ ಬೈಕೊಂಡು ಕೆಲಸ ಮಾಡ್ತೀನಿ. ಪಾಪ, ಅವನೂ ಸುಮ್ನೆ ಕೇಳಿಸ್ಕೋತಾನೆ.” ಅಧಿಕಾರಿ ಅವನ ಕೆಲಸವನ್ನೂ ಬೇರೆಯಾಗಿ ನೋಡಿ, ಅವನನ್ನು ಅವನ ಯಜಮಾನನ ಕೈಗೇ ಬಿಟ್ಟರು.

ಅಕ್ಕನಿಗೆ ಈಗ ಕೊರಳಿಗೆ ಗುರುತಿನ ಚೀಟಿ ಬಂದಿದೆ. ತಿಂಗಳ ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆ. ಕೈಗೆ ಬರುವುದು ಮೊದಲಿಗಿಂತ ತುಸು ಕಡಿಮೆ. “ಹೌದು, ಕಡಿಮೆನೇ. ಆದ್ರೆ ಜ್ವರ ಬಂದ್ರೆ ಈಗ ಬರೀ ಜ್ವರ ಬರುತ್ತೆ. ಮೊದಲು ಜ್ವರದ ಜೊತೆ ಚಿಂತೆನೂ ಬರ್ತಿತ್ತು.”

ಸೋಮವಾರ ಇದೇ ಆಸ್ಪತ್ರೆಯಲ್ಲಿ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆ. ಆರು ವಾರ ಸಂಬಳದ ರಜೆ. ಅಷ್ಟು ದಿನಕ್ಕೆ ಬೇರೆಯವರನ್ನು ಹುಡುಕುವ ತಲೆನೋವು ಈಗ ಕಂಪನಿಯದು. ಸೂಪರ್‌ವೈಸರ್ ಯಾರ ಮನೆಗೆ ಹೋಗಿ ಕೇಳಿದನೆಂದು ಬೇರೆ ಹೇಳಬೇಕಿಲ್ಲ. ನಾದಿನಿ ಎರಡು ದಿನ ಕಾಯಿಸಿ ಒಪ್ಪಿದ್ದಾರೆ. ಈ ವಾರವೆಲ್ಲ ಅಕ್ಕ ಅವರನ್ನು ವಾರ್ಡಿಂದ ವಾರ್ಡಿಗೆ ಕರೆದೊಯ್ದು, ಯಾವ ಕಿಟಕಿ ಬಿಗಿ, ಯಾವ ಅಜ್ಜ ಸಿಡುಕ ಎಂದು ತೋರಿಸುತ್ತಿದ್ದಾರೆ. “ಸಾಕು ಅತ್ತಿಗೆ, ಗೋಡೆ ಬಳಿಯಕ್ಕೆ ಬಂದಿದೀನಿ, ಹೆಣ್ಣು ನೋಡಕ್ಕಲ್ಲ,” ಎಂದು ಅವರು ಗೊಣಗುತ್ತಾರೆ.

ಶಸ್ತ್ರಚಿಕಿತ್ಸೆಗೆ ಹೆದರಿಕೆಯಿಲ್ಲವೇ ಎಂದರೆ, ಬ್ರಶ್ ತೊಳೆಯುತ್ತಿದ್ದ ಅಕ್ಕ ತಲೆಯೆತ್ತಿ ನಗುತ್ತಾರೆ.

“ಹೆದರಿಕೆ ಏನಿಲ್ಲ, ಡಾಕ್ಟ್ರ ಕೈಗುಣ ಚೆನ್ನಾಗಿದೆ. ಒಂದೇ ಆಸೆ. ಮಲಗಿಸಿದಾಗ ಮೇಲೆ ಕಾಣೋ ಸೀಲಿಂಗು ನಾನು ಬಳಿದಿದ್ದಾಗಿರ್ಲಿ. ಬೇರೆ ಯಾರದೋ ಕೆಲಸ ಆದ್ರೆ, ಎಲ್ಲಿ ಗೆರೆ ಬಿಟ್ಟಿದಾರೆ ಅಂತ ಹುಡುಕ್ತಾ ಇರ್ತೀನಿ. ಆಮೇಲೆ ಅವರು ಎಷ್ಟು ಇಂಜೆಕ್ಷನ್ ಕೊಟ್ರೂ ನನಗೆ ನಿದ್ದೆ ಹತ್ತಲ್ಲ.”