ಗಡಿಯಾರದ ಬಾಗಿಲು

ನಿಲ್ದಾಣದಲ್ಲಿ ಎಲ್ಲರೂ ಅವನನ್ನು ಮೈಕಣ್ಣ ಎನ್ನುತ್ತಿದ್ದರು. ನೆಲದಡಿಯ ಆ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವುದು ಅವನ ಕೆಲಸ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ಅವನು ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ಒಂದೇ ಮಾರ್ಗ, ಹೊರಗೆ ಹೋಗಲು ಒಂದೇ ಬಾಗಿಲು. ಬಾಗಿಲ ಮೇಲೊಂದು ದೊಡ್ಡ ಗಡಿಯಾರ. ಹೊಸದಾಗಿ ಮದುವೆಯಾದ ಹೆಂಡತಿ ದಿನಾ ಬುತ್ತಿ ಹಿಡಿದು ಅದರ ಕೆಳಗೇ ಕಾಯುತ್ತಿದ್ದಳು. ಆಮೇಲೆ ಅವಳ ಮಂಡಿಯೂ ಕೈಕೊಟ್ಟಿತು, ಬುತ್ತಿಯೂ ನಿಂತಿತು. ಎಷ್ಟೋ ವರ್ಷದ ಮೇಲೆ ಹಳೆಯ ಮಾರ್ಗದ ನೆತ್ತಿಗೇ ಇನ್ನೊಂದನ್ನು ಕೊರೆದರು. ಗಡಿಯಾರ ಇಳಿಸಿ, ಬಾಗಿಲಿಗೆ ಗೋಡೆ ಎಬ್ಬಿಸಿ, ಆಚೆ ತುದಿಯಲ್ಲಿ ಹೊಸ ಮೆಟ್ಟಿಲು ಮಾಡಿದರು. ಇದನ್ನು ಹೆಂಡತಿಗೆ ಹೇಳಬೇಕೆಂದು ಈ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಆ ದಿನ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ. ಫೋನು ಮಾಡಿದರೆ ಅವಳು, "ಮಂಡಿ ಕಥೆ ಇದ್ದದ್ದೇ. ನಾನೇ ರೈಲಲ್ಲಿ ತಂದುಕೊಡ್ತೀನಿ ಬಿಡಿ" ಎಂದಳು.

ಅವಳ ರೈಲು ಕೆಳಗಿನ ಹಳೆಯ ಮಾರ್ಗಕ್ಕೆ ಬಂದು ನಿಂತ ಹೊತ್ತಿಗೇ ಅಲ್ಲಿ ಕೇಬಲ್ ಸುಟ್ಟು ಹೊಗೆ ಎದ್ದಿತು. ಸ್ಟೇಷನ್ ಮಾಸ್ತರರು ಓದಬೇಕಾದ ಹಾಳೆಯನ್ನು ಅವನ ಕೈಗೆ ತುರುಕಿದರು. ಕನ್ನಡಕವಿಲ್ಲದ ಕಣ್ಣಿಗೆ ಅಕ್ಷರವೆಲ್ಲ ಇರುವೆಸಾಲು. ಹಿಂದೆ ವರ್ಷಗಟ್ಟಲೆ ಹೇಳಿ ನಾಲಿಗೆಗೆ ರೂಢಿಯಾದದ್ದನ್ನೇ ಹೇಳಿಬಿಟ್ಟ: "ಎಲ್ಲರೂ ಗಡಿಯಾರದ ಬಾಗಿಲಿಂದ ಹೊರಗೆ ಬನ್ನಿ."

"ಏನ್ರೀ, ಯಾವ ಗಡಿಯಾರ?" ಮಾಸ್ತರರು ಮೈಕು ಕಸಿದುಕೊಂಡರು. ಅಷ್ಟರಲ್ಲಿ ಕೆಳಗಿನ ಸ್ಪೀಕರುಗಳು ಸತ್ತಿದ್ದವು.

ಅವನು ಹೊಸ ಮೆಟ್ಟಿಲ ತುದಿಗೆ ಓಡಿ ನಿಂತ. ಕೆಮ್ಮುತ್ತ ಬಂದ ಒಂದೊಂದು ಮುಖವನ್ನೂ ಕಣ್ಣು ಕಿರಿದು ಮಾಡಿ ನೋಡಿದ. ಅವಳಿರಲಿಲ್ಲ.

ಕೊನೆಗೆ ಕಾವಲಿನವನು ಹತ್ತಿ ಬಂದ. "ಎಲ್ಲ ಬಾಣದ ಗುರುತು ನೋಡ್ಕೊಂಡು ಬಂದ್ರು. ಪುಣ್ಯಕ್ಕೆ ನಿಮ್ಮ ಮಾತು ಯಾರೂ ಕೇಳಿಲ್ಲ ಮೈಕಣ್ಣ. ಆ ಬಾಗಿಲು ಯಾರಿಗೆ ಗೊತ್ತು?"

ಒಬ್ಬಳಿಗೆ ಗೊತ್ತಿತ್ತು. ಮೈಕಣ್ಣ ಕರವಸ್ತ್ರವನ್ನು ಮೂಗಿಗೊತ್ತಿ, ತಡೆದವರ ಕೈ ಕೊಡವಿ, ಹೊಗೆಯೊಳಗೆ ಇಳಿದ. ಗಡಿಯಾರದ ಬಾಗಿಲಿಗೆ ಹೋಗುತ್ತಿದ್ದ ಹಳೆಯ ಓಣಿಯ ಕೊನೆಯವರೆಗೂ ಗೋಡೆ ಸವರಿಕೊಂಡೇ ಹೋದ.

ಹಾದಿ ಮುಗಿಯುವಲ್ಲಿ, ಗೋಡೆಗೆ ಒರಗಿ ಅವಳು ಕೂತಿದ್ದಳು, ಮಡಿಲಲ್ಲಿ ಚೀಲ.

"ಎಲ್ಲರೂ ಆ ಕಡೆ ಓಡಿದ್ರು," ಎಂದಳು ಕೆಮ್ಮುತ್ತ. "ಇಲ್ಲಿಗೆ ಬನ್ನಿ ಅಂತ ನೀವಂದ್ರಿ. ನಾನು ಬಂದೆ."

ಅವನು ತೋಳು ಹಿಡಿದು ಎಬ್ಬಿಸಿದ. ಅವಳು ಚೀಲದಿಂದ ಕನ್ನಡಕ ತೆಗೆದು ಅವನ ಕೈಗಿಟ್ಟಳು.

"ಮೊದಲು ಇದನ್ನ ಹಾಕ್ಕೊಳ್ಳಿ. ಆಮೇಲೆ ದಾರಿ ಹೇಳಿ."