ಮಗು ಅತ್ತರೆ ನನ್ನ ತಟ್ಟೆ ಖಾಲಿ

ಬಾಣಂತನಕ್ಕೆ ಗುಬ್ಬಿಯ ತವರಿಗೆ ಬಂದಾಗ ನಾನು ಉಣ್ಣುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಮಗಳಿಗೆ ಮೂರು ವಾರ ತುಂಬಿದ್ದೇ ತಡ, ದೀಪ ಹಚ್ಚುವ ಹೊತ್ತಿಗೆ ರಾಗ ತೆಗೆಯಲು ಶುರು ಮಾಡಿದಳು. ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಕಾಲು ಹೊಟ್ಟೆಗೆ ಮಡಚಿ, ಬೀದಿಗೆಲ್ಲ ಕೇಳುವಂತೆ. ಹಾಲು ಕುಡಿಸಿದರೂ ನಿಲ್ಲದು, ಎತ್ತಿಕೊಂಡರೂ ನಿಲ್ಲದು.

ನಮ್ಮ ಕಡೆ ಕೂಸು ಅತ್ತರೆ ಮೊದಲು ಅನುಮಾನ ಬಾಣಂತಿಯ ತಟ್ಟೆಯ ಮೇಲೆ. ವಾಯು ಎಂದು ಅಮ್ಮ ಬೇಳೆ ನಿಲ್ಲಿಸಿದಳು. ತಂಪು ಎಂದು ಅತ್ತೆ ಕುಣಿಗಲ್‌ನಿಂದಲೇ ಫೋನಿನಲ್ಲಿ ಸೊಪ್ಪು ತಿನ್ನುವುದನ್ನು ಬಿಡಿಸಿದರು. ಆಲೂಗಡ್ಡೆ ಹೋಯಿತು, ಬಾಳೆಹಣ್ಣು ಹೋಯಿತು, ಮೊಸರಿನ ಮಾತಂತೂ ಎತ್ತುವಂತಿರಲಿಲ್ಲ. ಕೊನೆಗೆ ಉಳಿದದ್ದು ಅನ್ನ, ತುಪ್ಪ, ಮೆಣಸಿನ ಸಾರು. ಅಳು ಮಾತ್ರ ಹಾಗೇ ಇತ್ತು.

“ಅದೇನ್ ತಿಂದ್ಯೇ ಇವತ್ತು? ನೆನಪ್ ಮಾಡ್ಕೊ,” ಎಂದಳು ಅಮ್ಮ.

“ಇನ್ನೇನೈತಮ್ಮ ತಿನ್ನಕ್ಕೆ?”

ಹಸಿವನ್ನು ತಮಾಷೆ ಮಾಡಿಕೊಂಡು ತಡೆದೆ. ಆದರೆ ನನ್ನ ಹಾಲೇ ಮಗಳಿಗೆ ಆಗುತ್ತಿಲ್ಲವೇನೋ ಎಂಬ ಭಯ ಬಿಡಲಿಲ್ಲ. “ಎದೆಹಾಲು ಬಿಡ್ಸಿ ಡಬ್ಬಿ ಹಾಲು ಹಾಕೋಣ,” ಎಂದು ಅತ್ತೆ ಅಂದ ಮರುದಿನವೇ ಅಮ್ಮನನ್ನು ಹೊರಡಿಸಿಕೊಂಡು ತುಮಕೂರಿನ ಮಕ್ಕಳ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಕುಲಾವಿಯಿಂದ ಕಾಲುಚೀಲದವರೆಗೆ ಎಲ್ಲ ಬಿಚ್ಚಿಸಿದರು. ಹೊಟ್ಟೆ ಒತ್ತಿದರು, ಕಿವಿ ನೋಡಿದರು, ಕೂದಲೇನಾದರೂ ಸುತ್ತಿಕೊಂಡಿದೆಯೇ ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಜ್ವರ ಬಂದಿತ್ತಾ, ಹಸಿರು ವಾಂತಿ ಆಯ್ತಾ, ಮೋಷನ್‌ನಲ್ಲಿ ರಕ್ತ ಇತ್ತಾ ಎಂದು ಕೇಳಿದರು. ಯಾವುದೂ ಇರಲಿಲ್ಲ. ತೂಕ ಹಾಕಿ ನಕ್ಕರು.

“ನಿಮ್ಮ ಹಾಲಲ್ಲೇ ಚೆನ್ನಾಗಿ ಬೆಳೀತಿದಾಳಮ್ಮ. ಇದಕ್ಕೆ ಕಾಲಿಕ್ ಅಂತೀವಿ. ಸಂಜೆ ಸಂಜೆ ಅಳ್ತಾರೆ, ಮೂರ್ನಾಲ್ಕು ತಿಂಗಳಿಗೆ ತಾನಾಗೇ ಕಮ್ಮಿ ಆಗುತ್ತೆ.” ಆಮೇಲೆ ನನ್ನನ್ನೇ ದಿಟ್ಟಿಸಿದರು. “ನೀವೇನು ಊಟ ಮಾಡ್ತಿದೀರಾ?”

ನಾನು ಅಮ್ಮನನ್ನು ನೋಡಿದೆ. ಅಮ್ಮ ಫ್ಯಾನ್ ನೋಡಿದಳು.

“ಮನೇಲಿ ಮಾಡಿದ್ದೆಲ್ಲ ತಿನ್ಲಿ,” ಎಂದರು ಡಾಕ್ಟರು, ಫ್ಯಾನ್ ನೋಡುತ್ತಿದ್ದವಳಿಗೆ.

ಆ ಸಂಜೆ ನನ್ನ ಮುಂದೆ ಮುದ್ದೆ, ಬಸ್ಸಾರು ಬಂತು. ಬೇಳೆಯೂ ಇತ್ತು, ಸೊಪ್ಪೂ ಇತ್ತು. ಮೊದಲ ತುತ್ತು ಮುರಿಯುವಷ್ಟರಲ್ಲಿ ಮಗಳು ತಪ್ಪದೆ ಶುರು ಮಾಡಿದಳು. ನಾನು ಏಳಹೋದೆ. ಅಷ್ಟರಲ್ಲಿ ಅಮ್ಮ ಅವಳನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ನನಗೆ ಮತ್ತೊಂದು ಸೌಟು ಬಡಿಸಿದಳು.

“ಅವ್ಳು ಅಳ್ಲಿ ಬುಡು, ನಾನ್ ನೋಡ್ಕೋತೀನಿ. ನೀನ್ ಉಣ್ಣೇ, ನೀನೂ ಒಬ್ಬಳ ಮಗಳೇ.”

ನನ್ನ ಮಗಳು ಅಮ್ಮನ ಹೆಗಲ ಮೇಲೆ ಅಳುತ್ತಿದ್ದಳು. ನಾನು ತಟ್ಟೆಯ ಮುಂದೆ ಅಳುತ್ತಾ ಹೊಟ್ಟೆ ತುಂಬ ಉಂಡೆ.