ಅನಸವ್ವನ ಹೆಬ್ಬೆರಳು ಮತ್ತು ಎಮ್ಮೆಯ ಉಣ್ಣಿ

ನಾನು ಬನಹಟ್ಟಿಯ ಶಾಲೆಗೆ ವರ್ಗವಾಗಿ ಬಂದ ದಿನ, ಬಾಡಿಗೆ ಮನೆಯ ಬಾಗಿಲನ್ನು ತೆರೆಯಲಾರದೆ ಬೆವರುತ್ತ ನಿಂತಿದ್ದೆ. ತಲೆಗೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡ ಹೆಣ್ಣುಮಗಳೊಬ್ಬಳು ಪಕ್ಕದ ಮನೆಯಿಂದ ಬಂದಳು.

"ಸರದ ನಿಲ್ರಿ ಮಾಸ್ತರ, ಈ ಬಾಗಲಾ ಕೈ ಮಾತ ಕೇಳಂಗಿಲ್ಲ," ಎಂದು ಬಲಗಾಲಿನಿಂದ ಒಮ್ಮೆ ಒದ್ದಳು. ಬಾಗಿಲು ತೆರೆಯಿತು. "ಮಗ್ಗಾ ತುಳದ ಕಾಲರಿ ಇದು!" ಎಂದು ನಕ್ಕಳು.

ಅವಳೇ ಅನಸವ್ವ. ಗಂಡ ತೀರಿದ ಮೇಲೆ ಕೈಮಗ್ಗದಲ್ಲಿ ಸೀರೆ ನೇಯ್ದು, ಒಂದು ಎಮ್ಮೆ ಕಟ್ಟಿಕೊಂಡು ಬದುಕಿದವಳು. ಓಣಿಯ ತುಂಬ ವಿದ್ಯುತ್ ಮಗ್ಗಗಳು ಬಂದರೂ ಅವಳ ಮಗ್ಗ ನಿಲ್ಲಲಿಲ್ಲ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿ ಹರ್ಷದಾ ಧಾರವಾಡದಿಂದ ಬಂದಳು. ದನಕರುಗಳ ರಕ್ತ ಹೀರುವ ಉಣ್ಣಿಯ ಜೊಲ್ಲಿನಲ್ಲಿರುವ ಅಂಶವೊಂದು ಚರ್ಮದ ಕ್ಯಾನ್ಸರನ್ನು ತಡೆಯಬಲ್ಲುದೇ ಎಂಬುದು ಅವಳ ಸಂಶೋಧನೆ. ಉಣ್ಣಿಗಾಗಿ ಅವಳನ್ನು ಅನಸವ್ವನ ಎಮ್ಮೆಯ ಬಳಿಗೆ ಕರೆದೊಯ್ದೆ.

"ಇಷ್ಟ ಓದಿ ಕಡೀಕ ಉಣ್ಣಿ ಆರಿಸಾಕ ಬಂದೇನ ಬೇ ತಂಗಿ?" ಎಂದು, ಹರ್ಷದಾ ಎಲ್ಲವನ್ನೂ ವಿವರಿಸಿದ ಮೇಲೆ ಅನಸವ್ವ ಕೆಣಕಿದಳು.

ನಗುತ್ತಿದ್ದ ಹರ್ಷದಾಳ ಕಣ್ಣು, ಅನಸವ್ವನ ಬಲಗಾಲ ಹೆಬ್ಬೆರಳಿನ ಕಪ್ಪು ಮಚ್ಚೆಯ ಮೇಲೆ ನಿಂತಿತು. ಮಗ್ಗ ತುಳಿದು ಬಂದ ಕಲೆ ಎಂದೇ ಅನಸವ್ವ ತಿಳಿದಿದ್ದಳು. ಹರ್ಷದಾಳ ಒತ್ತಾಯಕ್ಕೆ ಅವಳನ್ನು ಬೆಳಗಾವಿಗೆ ಕರೆದೊಯ್ದೆವು. ಅಲ್ಲಿಯ ವೈದ್ಯರು ಪರೀಕ್ಷಿಸಿ, ಅದು ಚರ್ಮದ ಕ್ಯಾನ್ಸರ್, ಇನ್ನೂ ಹರಡಿಲ್ಲ, ಬೆರಳು ತೆಗೆಸುವುದೇ ಒಳ್ಳೆಯದು ಎಂದರು.

"ಹೆಬ್ಬೆರಳ ಹೋದ್ರ ಮಗ್ಗಾ ಹೆಂಗ ತುಳೀಲಿ?" ಎಂದು ಅನಸವ್ವ ಎದ್ದು ಬಂದಳು.

ಕೆಲವು ದಿನಗಳ ನಂತರ ನಾನೂ ಹರ್ಷದಾಳೂ ಹೋದಾಗ ಆ ಬೆರಳಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿ ನೋಡಿದರೆ, ಮಚ್ಚೆಯ ಪಕ್ಕದಲ್ಲಿ ಎರಡು ಉಣ್ಣಿ!

"ಇವುಗಳ ಜೊಲ್ಲಿನ್ಯಾಗ ಔಷಧ ಐತಿ ಅಂತ ನೀನ ಹೇಳಿದ್ಯಲ್ಲ ಬೇ? ಕಚ್ಚಿಸ್ಕೊಂಡೇನಿ."

ಹರ್ಷದಾ ಹೌಹಾರಿ ಚಿಮಟದಿಂದ ಅವನ್ನು ಕಿತ್ತಳು. "ಅಜ್ಜಿ, ಉಣ್ಣಿ ಕಚ್ಚಿದ್ರ ಬ್ಯಾರೆ ಜಡ್ಡ ಬರ್ತದರಿ! ಆ ಔಷಧ ಇನ್ನೂ ನಮ್ಮ ಲ್ಯಾಬಿನ ಗಾಜಿನ ತಟ್ಟಿಯೊಳಗನ ಅದ."

"ಹೊರಗ ಯಾವಾಗ ಬರತೈತಿ?"

"ಗೊತ್ತಿಲ್ರಿ. ಬರದನೂ ಹೋಗಬಹುದು."

ಅನಸವ್ವ ಎಮ್ಮೆಯ ಬೆನ್ನು ಸವರಿದಳು. "ಅಂದ್ರ ನೂಲು ಇನ್ನಾ ಬಣ್ಣಕ್ಕೂ ಹೋಗಿಲ್ಲ, ನಾ ಆಗಲೇ ಸೀರಿ ಉಡಾಕ ನಿಂತೇನಿ. ನಡೀರಿ ಮಾಸ್ತರ, ಬೆಳಗಾವಿಗೆ."

ಬೆರಳು ಹೋಯಿತು. ಬಡಿಗ ಹೊಳಬಸಪ್ಪ, ಮಗ್ಗದಲ್ಲಿ ಕಾಲಿನಿಂದ ತುಳಿಯುವ ಹಲಗೆಯನ್ನು ಅಗಲ ಮಾಡಿಕೊಟ್ಟ. ಈಗ ಅನಸವ್ವ ಇಡೀ ಪಾದವೂರಿ ತುಳಿಯುತ್ತಾಳೆ. ಮಗ್ಗದ ಸದ್ದು ಮೊದಲಿಗಿಂತ ನಿಧಾನವಾಗಿದೆ. ವೈದ್ಯರು ಕರೆದಾಗಲೆಲ್ಲ ತಪ್ಪದೆ ಹೋಗಿ ತೋರಿಸಿ ಬರುತ್ತಾಳೆ. ಬಿಡುವಿನಲ್ಲಿ ಎಮ್ಮೆಯ ಪಕ್ಕ ಕುಳಿತು ಚಿಮಟದಿಂದ ಉಣ್ಣಿ ಆರಿಸಿ, ಹರ್ಷದಾ ಕೊಟ್ಟ ಶೀಶೆಗೆ ಹಾಕುತ್ತಾಳೆ.

"ಇನ್ನೂ ಯಾಕ ಅನಸವ್ವಾ?" ಎಂದು ಮೊನ್ನೆ ಕೇಳಿದೆ.

"ನಂದಂತೂ ಆತ್ರಿ ಮಾಸ್ತರ. ಮುಂದ ಯಾರದರೆ ಬೆರಳ ಉಳದೀತು," ಎಂದು ಶೀಶೆಯ ಮುಚ್ಚಳ ಬಿಗಿಮಾಡಿದಳು.